ಆಯಿ ಮನೆಗೆ ಬಂದ್ಲು, ಎಲ್ರಿಗೂ ಥ್ಯಾಂಕ್ಸ್

ಆಯಿ ಡಿಸ್ಚಾರ್ಜ್ ಆಗಿ ಮನೆಗೆ ಬಂದಿದ್ದಾಳೆ. ಶಿರಸಿಯಲ್ಲಿ ನಮ್ಮ ಜೊತೆ ನಿಂತವರಿಗೆ, ಆ ಮಳೆಯಲ್ಲಿ ದೇವಿಮನೆ ಘಟ್ಟ ಹತ್ತಿ ಬಂದ ಕುಮಟಾದ ಗೆಳೆಯರಿಗೆ, ಎಲ್ರಿಗೂ ತುಂಬಾ ಥ್ಯಾಂಕ್ಸ್.

ವಾರ್ಡಿನ ಸಿಸ್ಟರ್‌ಗಳ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳ್ಲೇಬೇಕು. ಆಯಿಗೆ ಸಿಒಪಿಡಿ, ಅಂದ್ರೆ ಉಸಿರಿನ ದಾರಿ ಕಿರಿದಾಗಿ ವರ್ಷಗಟ್ಟಲೆ ಕಾಡೋ ಶ್ವಾಸಕೋಶದ ಕಾಯಿಲೆ. ಬೀಡಿ ಸಿಗರೇಟು ಮುಟ್ಟಿದವಳಲ್ಲ, ಜೀವಮಾನ ಇಡೀ ಅಡುಗೆ ಒಲೆ, ಬಚ್ಚಲೊಲೆ ಹೊಗೆ ಕುಡಿದವಳು, ಅದ್ರ ಮೇಲೆ ಈ ಮಳೆಗಾಲ ನ್ಯುಮೋನಿಯಾ. ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಇದೆ ಅಂತ ನೋಡೋ ಬೆರಳಿನ ಕ್ಲಿಪ್ಪು 89, 90 ಅಂತ ತೋರಿಸ್ತಿದ್ರೆ ನಮಗೆಲ್ಲ ಜೀವ ಬಾಯಿಗೆ ಬರ್ತಿತ್ತು, ಕೋವಿಡ್ ಟೈಮಲ್ಲಿ 94ರ ಕೆಳಗೆ ಹೋದ್ರೆ ಓಡಿ ಅಂತ ಕೇಳಿ ಕೇಳಿ ತಲೇಲಿ ಕೂತ್ಬಿಟ್ಟಿದೆ ಅಲ್ವಾ, ಆಕ್ಸಿಜನ್ ಜಾಸ್ತಿ ಮಾಡಿ ಅಂತ ಅಣ್ಣ ಕೇಳ್ತಾನೇ ಇದ್ದ. ನೈಟ್ ಡ್ಯೂಟಿ ಸಿಸ್ಟರ್ ಅವನನ್ನ ಕೂರಿಸ್ಕೊಂಡು ಹೇಳಿದ್ರು, ಇಂಥ ಪೇಷಂಟಿಗೆ 88ರಿಂದ 92 ಇದ್ರೆ ಸಾಕು, ಸುಮ್ನೆ ಏರಿಸಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಮಂಪರು ಹತ್ಬಹುದು, ಅದನ್ನ ಈ ಕ್ಲಿಪ್ಪು ತೋರಿಸಲ್ಲ, ಅದಕ್ಕೇ ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು ಎಬಿಜಿ, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯೋ ಟೆಸ್ಟ್ ಮಾಡೋದು ಅಂತ. ಎಷ್ಟು ಸಮಾಧಾನವಾಗಿ ಹೇಳಿದ್ರು ಅಂದ್ರೆ, ಆಮೇಲೆ ಅಣ್ಣನೇ ಬಂದೋರಿಗೆಲ್ಲ ವಿವರಿಸ್ತಿದ್ದ.

ಒಂದು ರಾತ್ರಿ ನಂಬರ್ ಸಡನ್ನಾಗಿ 70ರ ಆಸುಪಾಸಿಗೆ ಬಿತ್ತು. ಸಿಸ್ಟರ್ ಬಂದವರು ಮೊದಲು ನೋಡಿದ್ದು ಆಯಿ ಮುಖ, ತುಟಿ, ಮಾತಾಡಿಸಿದ್ರು, ಆಯಿ ಸರಿಯಾಗೇ ಉತ್ತರ ಕೊಟ್ಲು, ಮಾನಿಟರಿನಲ್ಲಿ ನಾಡಿಯ ಅಲೆ ಸರಿ ಬರ್ತಿಲ್ಲ, ಕೈ ಐಸಿನ ಹಾಗೆ ತಣ್ಣಗಿದೆ ಅಂತ ಗೊತ್ತಾಯ್ತು. ಬೆರಳು ಉಜ್ಜಿ ಬಿಸಿ ಮಾಡಿ ಕ್ಲಿಪ್ಪನ್ನ ಇನ್ನೊಂದು ಕೈಗೆ ಹಾಕಿದ್ರು, 90ಕ್ಕೆ ಬಂತು. ಅಷ್ಟಾದ್ರೂ ಹೋಗ್ಲಿಲ್ಲ, ಪಕ್ಕದಲ್ಲೇ ನಿಂತು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದ್ರು. ಒತ್ತಿ ಗಾಯ ಆಗ್ಬಾರ್ದು ಅಂತ ಬೆರಳು ಬದಲಾಯಿಸೋದನ್ನೂ ಯಾವತ್ತೂ ಮರೀತಿರ್ಲಿಲ್ಲ. ಮಷೀನ್ ಇದೆಯಲ್ಲ ಅಂತ ಬಿಡೋರಲ್ಲ ಅವ್ರು, ನನ್ನ ಪ್ರಕಾರ ಆಯಿನ ಉಳಿಸಿದ್ದೇ ಆ ಕಣ್ಣು.

ಆ ಕ್ಲಿಪ್ಪಿನ ಹಿಂದಿರೋ ಐಡಿಯಾ ಜಪಾನಿನ ತಕುವೊ ಅಯೊಯಾಗಿ ಅನ್ನೋರದ್ದು, 1974ರಲ್ಲಿ ಮೊದಲು ತಿಳಿಸಿದ್ರಂತೆ, 2020ರಲ್ಲಿ ತೀರ್ಕೊಂಡ್ರು. ಸೂಜಿ ಚುಚ್ಚದೆ ಬರೀ ಬೆಳಕಲ್ಲಿ ರಾತ್ರಿಯಿಡೀ ಆಕ್ಸಿಜನ್ ನೋಡ್ಕೊಳ್ಳೋ ಹಾಗೆ ಮಾಡಿದ ಆ ಹಿರಿಯರಿಗೂ ನಮ್ಮನೆಯಿಂದ ನಮಸ್ಕಾರ.

ಬಚ್ಚಲಿಗೆ ಈಗ ಗೀಸರ್ ಹಾಕ್ಸಿದ್ದೀವಿ, ಆಯಿನ ಒಲೆ ಹತ್ರ ಬಿಡ್ತಿಲ್ಲ. ಸಿಸ್ಟರ್, ಇದು ನಿಮ್ಮ ಕಣ್ಣಿಗೆ ಬಿದ್ರೆ ರಜೆ ಸಿಕ್ಕಾಗ ಊಟಕ್ಕೆ ಬನ್ನಿ, ಆಯಿ ದಿನಾ ಕೇಳ್ತಿದ್ದಾಳೆ.