ವೋಟರ್ ಲಿಸ್ಟಿನಲ್ಲಿ ನಿನ್ನ ಹೆಸರು

ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಮ್ಮಾ, ನನ್ನೊಬ್ಬಳ ವೋಟಿನಿಂದ ಏನಾಗುತ್ತೆ, ಸುಮ್ನೆ ಬಿಡು" ಅಂದೆಯಲ್ಲ, ಆಗ ಕುಕ್ಕರ್ ಕೂಗುತ್ತಿತ್ತು, ಉತ್ತರ ಕೊಡಲಿಲ್ಲ. ಈಗ ಡೊಂಬಿವಲಿ ಲೋಕಲ್‌ನಲ್ಲಿದ್ದೇನೆ. ಅಪರೂಪಕ್ಕೆ ಸೀಟು ಸಿಕ್ಕಿದೆ, ಬರೆಯುತ್ತೇನೆ.

ಫೋರ್ಟ್‌ನಲ್ಲಿ ಮುಂಬೈ ಹೈಕೋರ್ಟ್ ದಾಟುವಾಗ ಮಿಥನ್ ಟಾಟಾ ನೆನಪಾಗುತ್ತಾಳೆ. ಮುಂದೆ ಇದೇ ಕೋರ್ಟಿನಲ್ಲಿ ವಕೀಲಿಕೆ ಮಾಡಿದವಳು. 1919ರಲ್ಲಿ ಅವಳಿಗೆ 21 ವರ್ಷ, ನಿನಗಿಂತ ಸ್ವಲ್ಪ ದೊಡ್ಡವಳು ಅಷ್ಟೇ. ಭಾರತದ ಹೆಂಗಸರಿಗೆ ವೋಟು ಈಗಲೇ ಬೇಡ ಅಂತ, ವೋಟು ಯಾರಿಗೆ ಕೊಡಬೇಕು ಎಂದು ನೋಡಲು ಬ್ರಿಟಿಷರು ನೇಮಿಸಿದ್ದ ಸೌತ್‌ಬರೋ ಸಮಿತಿ ಹೇಳಿತ್ತು. ಅದಕ್ಕೆ ತಾಯಿ ಹೇರಾಬಾಯಿ ಜೊತೆ ಮುಂಬೈಯಿಂದ ಲಂಡನ್ನಿಗೇ ಹೋಗಿ ವಾದ ಮಾಡಿದಳು. ತಮಾಷೆ ನೋಡು, ಅಲ್ಲಿನ ಅವಳ ವಯಸ್ಸಿನ ಹುಡುಗಿಯರಿಗೂ ಆಗ ವೋಟಿರಲಿಲ್ಲ, 30 ದಾಟಬೇಕಿತ್ತು! ಕೊನೆಗೆ ಲಂಡನ್ನಿನವರು ಇದನ್ನು ಪ್ರಾಂತ್ಯಗಳ ತಲೆಗೆ ಕಟ್ಟಿದರು. 1921ರಲ್ಲಿ ಮದ್ರಾಸು, ಮುಂಬೈ ಎರಡೂ ಒಪ್ಪಿದವು.

ಒಪ್ಪಿದ್ದು ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ ಅನ್ನು. ನಮ್ಮ ಧಾರವಾಡವೂ ಆಗ ಮುಂಬೈ ಪ್ರಾಂತ್ಯವೇ. ಆದರೆ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿದ್ದ ನಿನ್ನ ಮುತ್ತಜ್ಜಿಗೆ ಅದರಿಂದ ಏನೂ ಬರಲಿಲ್ಲ. ಅವಳಿಗೆ ವೋಟು ಬಂದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ.

ಪಟ್ಟಿ ಬರೆಯುವವನು ಮನೆಗೆ ಬಂದು ಹೆಸರು ಕೇಳಿದರೆ "ಹಣಮ್ಯಾನ ಅವ್ವ ರೀ" ಅಂದಳಂತೆ. ಗಂಡನ ಹೆಸರು ಹೇಳುವ ಹಾಗಿಲ್ಲ, ತನ್ನದು ಕೇಳಿದವರೇ ಇಲ್ಲ. ಮೂರನೇ ಸಲ ಕೇಳಿದಾಗ ಸೆರಗು ಬಾಯಿಗೆ ಅಡ್ಡ ಹಿಡಿದು "ನೀಲವ್ವ" ಅಂದಳಂತೆ. ಅವತ್ತು ಬಾಯಿ ಬಿಡದಿದ್ದರೆ? ಆ ಚುನಾವಣೆಯಲ್ಲಿ ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಹೇಳಿದ ಸುಮಾರು 28 ಲಕ್ಷ ಹೆಂಗಸರು, ಜಾಸ್ತಿ ಉತ್ತರದ ಕಡೆಯವರು, ಪಟ್ಟಿಯಿಂದಲೇ ಹೊರಗುಳಿದರು. ಸ್ವಂತ ಹೆಸರಿಲ್ಲದೆ ಸೇರಿಸುವುದಿಲ್ಲ ಅಂತ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಟ ಹಿಡಿದಿದ್ದರು. ಅದು ಸರಿಯೋ ತಪ್ಪೋ, ನನಗೆ ಇವತ್ತಿಗೂ ಎರಡು ಮನಸ್ಸು.

ಠಾಣೆ ಬಂತು, ನೂಕಾಟ ಶುರು. ಭಾನುವಾರ ಪುಣೆಯಿಂದ ಬರುವಾಗ ಒಂದು ಫೋಟೋ ತಾ, ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6 ತುಂಬೋಣ. ಹೆಸರಿನ ಜಾಗದಲ್ಲಿ ಪುಟ್ಟಿ ಅಂತ ಬರೀಬೇಡ ಮತ್ತೆ.

ಅಮ್ಮ