ಅಗಸಿ ಹಿಂಡಿಯೂ ನಿನ್ನ ‘ಲೈನ್’ ಪಾಠವೂ

ಪ್ರೀತಿಯ ದೋಸ್ತ,

ಆರಾಮ ಇದ್ದೀಯಾ? ವಿಜಯಪುರದಲ್ಲಿ ನಾವೆಲ್ಲ ಆರಾಮ. ನೀನು ಶಾಲೆ ಮಕ್ಕಳಿಗೆಂದು ಮಾಡಿದ ಇಂಗ್ಲಿಷ್ ಶಬ್ದಗಳ ಪಟ್ಟಿ ವಾಟ್ಸಾಪ್‌ನಲ್ಲಿ ಬಂತು. ಪೂರ್ತಿ ಓದಿದೆ. ಚಲೋ ಇದೆ. ಆದರೆ ಒಂದು ಕಡೆ ನನ್ನ ತಕರಾರು. ‘ಲೈನ್ ಅಂದರೆ ಗೆರೆ’ ಅಂತ ಬರೆದು ಮುಂದಿನ ಶಬ್ದಕ್ಕೆ ಹೋಗಿಬಿಟ್ಟಿದ್ದೀಯಲ್ಲ! ನಿನ್ನ ಪಟ್ಟಿ ನೋಡುವ ಮೊದಲೇ ನಿಮ್ಮ ಬನಹಟ್ಟಿ ಹುಡುಗರಿಗೆ ಲೈನ್ ಅನ್ನುವ ಶಬ್ದ ಹತ್ತು ಕಡೆ ಸಿಕ್ಕಿರುತ್ತದೆ. ಅದರಲ್ಲಿ ಗೆರೆ ಅನ್ನುವ ಅರ್ಥವೇ ಕಡಿಮೆ.

ನೀನೇ ನೋಡು. ಅಪ್ಪ ನಸುಕಿನಲ್ಲಿ ಎದ್ದು, ‘ತ್ರೀ ಫೇಸ್ ಲೈನ್ ಬಂದೈತಿ, ಮೋಟರ್ ಚಾಲೂ ಮಾಡಿ ಬರ್ತೀನಿ’ ಅಂತ ಹೊಲಕ್ಕೆ ಹೋಗುತ್ತಾನೆ. ಅಲ್ಲಿ ಲೈನ್ ಅಂದರೆ ಕರೆಂಟು. ತಂತಿ ಕಂಬದ ಮೇಲೆ ಇದ್ದಲ್ಲೇ ಇರುತ್ತದೆ, ಆದರೂ ನಾವು ‘ಲೈನ್ ಹೋತು’ ಅನ್ನುತ್ತೇವೆ. ಕಂಬ ಹತ್ತಿ ಅದನ್ನು ರಿಪೇರಿ ಮಾಡುವವನು ಲೈನ್‌ಮನ್. ಸರ್ಕಾರಿ ಕಾಗದದಲ್ಲಿ ಅವನ ಹುದ್ದೆಗೆ ಪವರ್‌ಮ್ಯಾನ್ ಅಂತ ಹೊಸ ಹೆಸರು ಬಂದಿದೆ, ಆದರೆ ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ಲೈನ್ ಹಚ್ಚಬೇಕು. ಬರೆಯಲು ಫೋರ್ ಲೈನ್ ಪುಸ್ತಕ ಬೇಕು. ನಮ್ಮ ಕಡೆ ಸೊಲ್ಲಾಪುರ ರಸ್ತೆಗೂ ಕೆಲವರು ‘ಫೋರ್ ಲೈನ್ ರೋಡ್’ ಅನ್ನುತ್ತಾರೆ. ಅದು ಲೇನ್ ಆಗಬೇಕಿತ್ತು, ಇರಲಿ ಬಿಡು.

ಈಗ ನಿನಗೆ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಈ ಶಬ್ದ ಹುಟ್ಟಿದ್ದು ದಾರದಿಂದ, ಗೆರೆ ಆಮೇಲೆ ಬಂತು. ಲ್ಯಾಟಿನ್‌ನಲ್ಲಿ ‘ಲೀನಿಯಾ’ ಅಂದರೆ ನಾರಿನ ದಾರ. ಆ ನಾರು ‘ಲೀನಮ್’ ಅನ್ನುವ ಗಿಡದ್ದು. ಆ ಗಿಡ ಯಾವುದು ಗೊತ್ತಾ? ನಮ್ಮ ಅಗಸಿ! ರೊಟ್ಟಿ ಜೊತೆ ಎಣ್ಣೆ ಹಾಕಿಕೊಂಡು ತಿನ್ನುತ್ತೇವಲ್ಲ, ಆ ಹಿಂಡಿಯ ಅಗಸಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದಕ್ಕೆ ಇಟ್ಟ ಹೆಸರು ಲೀನಮ್ ಯುಸಿಟಾಟಿಸಿಮಮ್. ಎರಡನೆಯ ಶಬ್ದದ ಅರ್ಥ ‘ಬಹಳ ಬಹಳ ಉಪಯೋಗದ್ದು’. ಯುರೋಪಿನ ತಂಪು ಸೀಮೆಯಲ್ಲಿ ಅದನ್ನು ನಾರಿಗಾಗಿ ಬೆಳೆಯುತ್ತಾರೆ. ಅಲ್ಲಿ ಗಿಡ ಎತ್ತರ, ಕೊಂಬೆ ಕಡಿಮೆ. ದಂಟನ್ನು ನೀರಲ್ಲಿ ಕೊಳೆಹಾಕಿ ನಾರು ಬಿಡಿಸಿ ನೂತು ಲಿನನ್ ಬಟ್ಟೆ ನೇಯುತ್ತಾರೆ. ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಬರುವ ಗಿಡ ಗಿಡ್ಡ, ಕೊಂಬೆ ಜಾಸ್ತಿ, ಅದನ್ನು ಬೆಳೆಯುವುದು ಕಾಳಿಗಾಗಿ. ಎರಡಕ್ಕೂ ನೀಲಿ ಹೂವೇ. ನಾರು ತೆಗೆದವರಿಗೆ ‘ಲೈನ್’ ಸಿಕ್ಕಿತು, ಕಾಳು ತೆಗೆದ ನಮಗೆ ಹಿಂಡಿ ಸಿಕ್ಕಿತು. ನನ್ನನ್ನು ಕೇಳಿದರೆ ಲಾಭ ನಮಗೇ.

ದಾರದಿಂದ ಗೆರೆ ಹೇಗಾಯಿತು ಅನ್ನುವುದಕ್ಕೆ ಪುಸ್ತಕ ಬೇಡ, ಗೌಂಡಿಯನ್ನು ನೋಡಿದರೆ ಸಾಕು. ಗೋಡೆ ಕಟ್ಟುವ ಮೊದಲು ಆ ತುದಿಗೊಂದು, ಈ ತುದಿಗೊಂದು ಗೂಟ ಹೊಡೆದು ದಾರ ಎಳೆಯುತ್ತಾನೆ. ‘ಲೈನ್ ತಪ್ಪೈತಿ ನೋಡು’ ಅಂತ ಕೆಲಸದವನಿಗೆ ಬೈಯುತ್ತಾನೆ. ಅವನು ತೋರಿಸುವುದು ಆ ದಾರವನ್ನೇ. ರೋಮಿನ ಗೌಂಡಿಗಳೂ ಹೀಗೇ ದಾರ ಎಳೆಯುತ್ತಿದ್ದರು, ಗುಂಡು ಕಟ್ಟಿ ಇಳಿಬಿಡುತ್ತಿದ್ದರು. ಬಿಗಿಯಾಗಿ ಎಳೆದ ದಾರದ ಹೆಸರು ಅದರ ಗುಂಟ ಹಾಕಿದ ಗುರುತಿಗೂ ಬಂತು. ಆಮೇಲೆ ಸಾಲಾಗಿ ನಿಂತವರಿಗೆ, ಬರೆದ ಸಾಲಿಗೆ, ಅಪ್ಪ-ಮಗ-ಮೊಮ್ಮಗ ಅನ್ನುವ ಪೀಳಿಗೆಗೂ ಹಬ್ಬಿತು. ಇಂಗ್ಲಿಷಿಗೆ ಇದು ಎರಡು ಬಾಗಿಲಿನಿಂದ ಬಂದಿದೆ. ಹಗ್ಗ ಅನ್ನುವ ಅರ್ಥದಲ್ಲಿ ಹಳೆಯ ಇಂಗ್ಲಿಷಿನಲ್ಲೇ ಇತ್ತು. ಫ್ರೆಂಚರ ಕಡೆಯಿಂದ ಇನ್ನೊಮ್ಮೆ ಬಂತು.

ನಿನ್ನ ಹೆಂಡತಿ ಗುಳೇದಗುಡ್ಡ ಖಣದ ಕುಬಸ ಹೊಲಿಸುವಾಗ ಟೇಲರ್ ‘ಲೈನಿಂಗ್ ಹಾಕ್ಲ್ಯಾ?’ ಅಂತ ಕೇಳುತ್ತಾನಲ್ಲ, ಅದೂ ಇದೇ ಮನೆತನದ್ದು. ಒಳಗಿನ ಪದರಕ್ಕೆ ಯುರೋಪಿನವರು ಲಿನನ್ ಬಟ್ಟೆ ಹಾಕುತ್ತಿದ್ದರು, ಅದಕ್ಕೇ ಲೈನಿಂಗ್. ನಮ್ಮ ಅಜ್ಜಿಯರು ಅದಕ್ಕೆ ಅಸ್ತರ ಅನ್ನುತ್ತಿದ್ದರು.

ಕ್ರಿಕೆಟ್ ಹುಚ್ಚ ನೀನು, ಇದನ್ನೂ ಕೇಳು. ಲೈನ್ ಅಂಡ್ ಲೆಂತ್ ಅಂತ ಕಾಮೆಂಟರಿಯವರು ದಿನಾ ಅನ್ನುತ್ತಾರೆ. 1932–33ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಇಂಗ್ಲೆಂಡ್ ತಂಡದ ಕ್ಯಾಪ್ಟನ್ ಜಾರ್ಡಿನ್, ಅಲ್ಲಿಯ ದೊಡ್ಡ ಬ್ಯಾಟ್ಸ್‌ಮನ್ ಬ್ರಾಡ್‌ಮನ್‌ನನ್ನು ಕಟ್ಟಿಹಾಕಲು ವೇಗದ ಬೌಲರ್ ಲಾರ್‌ವುಡ್ ಕೈಲಿ ಮೈಮೇಲೆಯೇ ಚೆಂಡು ಹಾಕಿಸಿದ. ಆ ಸರಣಿಗೆ ‘ಬಾಡಿಲೈನ್’ ಅನ್ನುವ ಹೆಸರೇ ಉಳಿಯಿತು. ತಮಾಷೆ ಅಂದರೆ, ವಿಲ್ಲೋ ಬ್ಯಾಟಿಗೆ ಹಚ್ಚುವುದು ಅಗಸಿ ಎಣ್ಣೆ. ಚೆಂಡಿನ ಹಾದಿಗೂ ಬ್ಯಾಟಿನ ಮೈಗೂ ಒಂದೇ ಗಿಡ!

ಡೆಡ್‌ಲೈನ್‌ನ ಕಥೆ ಮಾತ್ರ ಕೆಟ್ಟದ್ದು. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಸೆರೆ ಸಿಕ್ಕ ಸೈನಿಕರ ಕ್ಯಾಂಪ್ ಇತ್ತು. ಹೊರಗೋಡೆಯ ಒಳಗಡೆ ಒಂದು ಸಣ್ಣ ಕಟ್ಟಿಗೆ ಬೇಲಿ. ಅದನ್ನು ದಾಟಿದವನಿಗೆ ಗುಂಡು. ಅದೇ ಡೆಡ್ ಲೈನ್. ಈಗ ನಿನ್ನ ಹೆಡ್‌ಮಾಸ್ತರರು ಮಾರ್ಕ್ಸ್ ಕಾರ್ಡಿಗೆ ಡೆಡ್‌ಲೈನ್ ಕೊಡುತ್ತಾರೆ. ದಾಟಿದರೂ ಯಾರೂ ಸಾಯುವುದಿಲ್ಲ, ನೀನು ಪ್ರತಿ ವರ್ಷ ದಾಟುತ್ತೀಯ.

ರೈಲಿನದು ನನಗೆ ಎಲ್ಲಕ್ಕಿಂತ ಇಷ್ಟ. ನಮ್ಮ ಹೋಟಗಿ–ಗದಗ ಲೈನ್ ಮೊದಲು ಮೀಟರ್ ಗೇಜ್, ಒಂಟಿ ಹಳಿ. ಒಂಟಿ ಹಳಿ ಇದ್ದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ. ಹೀಗಾಗಿ ಮುಂದಿನ ಸ್ಟೇಷನ್ ಮಾಸ್ತರರು ‘ಲೈನ್ ಕ್ಲಿಯರ್’ ಕೊಡಬೇಕು. ಆಗ ಮಾತ್ರ ಈ ಕಡೆಯ ಪೆಟ್ಟಿಗೆಯಿಂದ ಟೋಕನ್, ಅಂದರೆ ಗಾಡಿ ಬಿಡುವ ಪರವಾನಗಿ, ಹೊರಬರುತ್ತಿತ್ತು. ದೊಡ್ಡ ಬೆತ್ತದ ರಿಂಗಿಗೆ ಚೀಲ ಕಟ್ಟಿ, ಅದರಲ್ಲಿ ಟೋಕನ್ ಇಟ್ಟು ಡ್ರೈವರ್ ಕೈಗೆ ಕೊಡುತ್ತಿದ್ದರು. ಗಾಡಿ ಓಡುತ್ತಿರುವಾಗಲೇ ಅವನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಆ ಟೋಕನ್ ಮಾಯವಾಗುತ್ತಾ ಬಂತು, ಮಾತು ಮಾತ್ರ ಊರೊಳಗೆ ಬಂದು ಕೂತಿತು. ಬೀಗರು ಮದುವೆಗೆ ಒಪ್ಪಿದರೆ ‘ಲೈನ್ ಕ್ಲಿಯರ್ ಆತು’. ತಹಶೀಲ್ದಾರರ ಸಹಿ ಬಿದ್ದರೂ ಲೈನ್ ಕ್ಲಿಯರ್. ವರ್ಷಗಟ್ಟಲೆ ಎಳೆದಾಡಿದ ನಿಮ್ಮ ಬಾಗಲಕೋಟೆ–ಕುಡಚಿ ಲೈನಿನ ವಿಷಯ ಮಾತ್ರ ಎತ್ತುವುದಿಲ್ಲ, ಆ ಸುದ್ದಿ ತೆಗೆದರೆ ನೀನು ಬೇರೆಯೇ ಪತ್ರ ಬರೆಯುತ್ತೀಯ.

ಇನ್ನು ಕಾಲೇಜು ಹುಡುಗರು ಲೈನ್ ಹೊಡೆಯುವುದನ್ನು ಇಂಗ್ಲಿಷರಿಗೆ ಹೇಗೆ ತಿಳಿಸಿ ಹೇಳಬೇಕೋ ನನಗೆ ತಿಳಿಯದು. ‘ಅವಾ ಈಗ ಯಾವ ಲೈನಿನ್ಯಾಗ ಅದಾನ?’ ಅಂತ ಕೇಳಿದರೆ ಅದು ಉದ್ಯೋಗ. ‘ಮಗಾ ಲೈನಿಗೆ ಬಂದ’ ಅಂದರೆ ಚಟ ಬಿಟ್ಟ ಅಂತ. ಫೋನಿನಲ್ಲಿ ತಂತಿಯೇ ಇಲ್ಲ, ಆದರೂ ಲೈನ್ ಬಿಜಿ!

ಒಂದು ವಿಷಯ ಗಮನಿಸಿದ್ದೇನೆ. ಹೊಸದಾಗಿ ಊರಿಗೆ ಬಂದ ತಂತಿ, ರೈಲು, ಪೈಪು, ಫೋನಿಗೆ ನಾವು ಲೈನ್ ಅಂದೆವು. ಮೊದಲಿಂದ ನಮ್ಮಲ್ಲಿದ್ದದ್ದನ್ನು ಜಾಸ್ತಿ ಬಿಟ್ಟುಕೊಡಲಿಲ್ಲ. ಹೊಲದಲ್ಲಿ ಸಾಲು ಸಾಲೇ. ಅರಿವೆ ಒಣಹಾಕುವುದು ಹಗ್ಗದ ಮೇಲೆ. ಕಿರಾಣಿ ಅಂಗಡಿ ಮುಂದೆ ಮುದುಕರು ಇನ್ನೂ ಪಾಳಿ ಅನ್ನುತ್ತಾರೆ. ಗಡಿಯಂತೂ ಗಡಿಯೇ. ಇಂಗ್ಲಿಷಿನಲ್ಲಿ ದೇಶಗಳ ನಡುವೆ ಎಳೆದ ಗಡಿಗಳಾದ 1893ರ ಡ್ಯೂರಂಡ್, 1914ರ ಮ್ಯಾಕ್‌ಮಹೋನ್, 1947ರ ರ್‍ಯಾಡ್‌ಕ್ಲಿಫ್ ಎಲ್ಲವೂ ಲೈನುಗಳೇ. ಆದರೆ 1956ರಲ್ಲಿ ರಾಜ್ಯಗಳು ಹೊಸದಾಗಿ ಆದಾಗಿನಿಂದ ನಡೆದ ಬೆಳಗಾವಿ ತಂಟೆಗೆ ನಾವು ಗಡಿ ತಂಟೆ ಅಂತಲೇ ಅಂದೆವು. ಒಂದೇ ಶಬ್ದಕ್ಕೆ ಇಷ್ಟೊಂದು ಕೆಲಸ ಹೊರಿಸುವುದು ಇಂಗ್ಲಿಷರ ರೂಢಿ. ಆಕ್ಸ್‌ಫರ್ಡ್‌ನವರ 1989ರ ದೊಡ್ಡ ನಿಘಂಟಿನಲ್ಲಿ ‘ಸೆಟ್’ ಅನ್ನುವ ಒಂದೇ ಶಬ್ದ ಸುಮಾರು 60,000 ಶಬ್ದಗಳಷ್ಟು ಜಾಗ ತಿಂದಿದೆಯಂತೆ. ನಿನ್ನ ಪಟ್ಟಿಯಲ್ಲಿ ಅದಕ್ಕೂ ಒಂದೇ ಅರ್ಥ ಬರೆದಿದ್ದೀಯ, ಅದರ ಜಗಳ ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ಪಟ್ಟಿ ಹರಿದು ಹಾಕು ಅನ್ನುತ್ತಿಲ್ಲ. ‘ಲೈನ್’ ಎದುರಿಗೆ ಗೆರೆ ಅಂತ ಬರೆಯುವ ಬದಲು ಅರ್ಧ ಪುಟ ಖಾಲಿ ಬಿಡು. ಮನೆಯಲ್ಲಿ, ಓಣಿಯಲ್ಲಿ ಯಾರ್‍ಯಾರು ಲೈನ್ ಅಂದರು, ಯಾವುದಕ್ಕೆ ಅಂದರು, ಕೇಳಿಕೊಂಡು ಬನ್ನಿ ಅಂತ ಹುಡುಗರಿಗೆ ಹೇಳು. ನಿಮ್ಮ ಬನಹಟ್ಟಿಯಲ್ಲಂತೂ ಓಣಿ ಓಣಿಗೆ ಮಗ್ಗ. ಎಳೆಗಳ ನಡುವೆಯೇ ಕೂತಿರುವ ನೇಕಾರರು ಈ ಶಬ್ದವನ್ನು ಬಳಸುತ್ತಾರೋ ಇಲ್ಲವೋ, ಬಳಸಿದರೆ ಯಾವುದಕ್ಕೆ, ಮಕ್ಕಳಿಂದ ತಿಳಿದುಕೊಂಡು ನನಗೂ ನಾಲ್ಕು ಸಾಲು ಬರಿ.

ಇಂತಿ ನಿನ್ನ ದೋಸ್ತ,
ವಿಜಯಪುರ