ಲ್ಯಾಬಿನಿಂದ ಬಂದ ಲೆಕ್ಕ: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ಫೋನಿನಲ್ಲಿ "ನನ್ನ ಮೈಯಲ್ಲೇ ಏನೋ ಸರಿಯಿಲ್ಲ ಅಮ್ಮಾ" ಅಂದೆ. ನಾನು ಸುಮ್ಮನಿದ್ದೆ. ಅಳುತ್ತಿರುವವರಿಗೆ ವಿವರಣೆ ಕೊಡಲು ಹೋಗಬಾರದು ಅಂತ ನನ್ನ ನಂಬಿಕೆ. ಆದರೆ ಆ ಮಾತನ್ನು ಉತ್ತರವಿಲ್ಲದೆ ಬಿಡಲೂ ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ. ಈಗಲೇ ಓದಬೇಕೆಂದಿಲ್ಲ, ಮನಸ್ಸು ಬಂದಾಗ ಓದು.

ನಿನ್ನ ಐವಿಎಫ್‌ನ, ಅಂದರೆ ದೇಹದ ಹೊರಗೆ ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ಈ ಚಿಕಿತ್ಸೆಯ ಬಗ್ಗೆ ಲ್ಯಾಬಿನವರು ಹೇಳಿದ ಲೆಕ್ಕವನ್ನು ನಾನೂ ಬರೆದಿಟ್ಟುಕೊಂಡಿದ್ದೇನೆ. ಸ್ಕ್ಯಾನಿನಲ್ಲಿ ಕಂಡದ್ದು 14 ಫಾಲಿಕಲ್, ಅಂಡಾಣು ಬೆಳೆಯುವ ಪುಟ್ಟ ಚೀಲಗಳು. ಎಗ್ ಪಿಕಪ್‌ನಲ್ಲಿ, ಅಂದರೆ ಅವುಗಳನ್ನು ಹೊರತೆಗೆದಾಗ, ಸಿಕ್ಕಿದ್ದು 9 ಅಂಡಾಣು. ಅವುಗಳಲ್ಲಿ ಬಲಿತಿದ್ದವು 6. ಮರುದಿನ ನೋಡಿದಾಗ ವೀರ್ಯಾಣು ಸೇರಿ ಫರ್ಟಿಲೈಸ್ ಆಗಿದ್ದವು 4. ಮೂರನೇ ದಿನವೂ ನಾಲ್ಕೂ ಇದ್ದವು. ಐದನೇ ದಿನ "ಇನ್ನೊಂದು ದಿನ ನೋಡೋಣ" ಅಂದರು. ಆರನೇ ದಿನಕ್ಕೆ ಉಳಿದದ್ದು ಒಂದು, ಅದರ ಗ್ರೇಡೂ ನಾಲ್ಕು-ಬಿ-ಸಿ. ಕೆಟ್ಟ ಸುದ್ದಿಯನ್ನು ಒಂದೇ ಸಲ ಕೇಳಿದರೆ ಹೇಗೋ ತಡೆದುಕೊಳ್ಳಬಹುದು. ನಿನಗೆ ಅದು ಒಂದು ವಾರ ಕಂತಿನಲ್ಲಿ ಬಂತು. ನಾನು ನಿನ್ನ ಜೊತೆಗಿದ್ದಾಗ ನೋಡಿದ್ದೇನೆ, ಆ ನಂಬರಿನಿಂದ ಫೋನ್ ಬಂದರೆ ನೀನು ಮೊದಲು ಮೇಜಿನ ಅಂಚು ಹಿಡಿದುಕೊಳ್ಳುತ್ತಿದ್ದೆ, ಆಮೇಲೆ ಹಲೋ ಅನ್ನುತ್ತಿದ್ದೆ.

ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಬಲಿತ ಅಂಡಾಣುಗಳಲ್ಲಿ ನೂರಕ್ಕೆ ಸುಮಾರು 70 ಫರ್ಟಿಲೈಸ್ ಆಗುತ್ತವೆ. ಹಾಗೆ ಆದವುಗಳಲ್ಲಿ ಅರ್ಧದಷ್ಟು, ಎಷ್ಟೋ ಸಲ ಅದಕ್ಕಿಂತ ಕಡಿಮೆ, ಐದಾರನೇ ದಿನದ ಬ್ಲಾಸ್ಟೊಸಿಸ್ಟ್ ಅನ್ನುವ ಹಂತ ಮುಟ್ಟುತ್ತವೆ. ನಿನ್ನ ಕೊನೆಯ ಸಂಖ್ಯೆ ಅದಕ್ಕಿಂತಲೂ ಕಮ್ಮಿಯೇ. ನಿರಾಸೆಯಾಗುವುದು ನ್ಯಾಯವಾಗಿಯೇ ಇದೆ. ಆದರೆ ಮೇಲಿಂದ ಕೆಳಗೆ ಹೀಗೆ ಇಳಿಯುತ್ತಾ ಬರುವುದಿದೆಯಲ್ಲ, ಅದು ಎಲ್ಲರ ದೇಹದಲ್ಲೂ ನಡೆಯುವಂಥದ್ದು. ಯಾವ ಚಿಕಿತ್ಸೆಯೂ ಇಲ್ಲದೆ ಗರ್ಭ ಧರಿಸುವವರಲ್ಲೂ ಎಷ್ಟೋ ಭ್ರೂಣಗಳು ಮೊದಲ ವಾರದಲ್ಲೇ ಬೆಳೆಯದೆ ನಿಂತುಹೋಗುತ್ತವೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ, ಮುಟ್ಟು ತನ್ನ ದಿನಕ್ಕೇ ಬರುತ್ತದೆ. ನಿನಗೆ ಮಾತ್ರ ಪ್ರತಿಯೊಂದರ ವರದಿ ಕೈಗೆ ಬಂತು.

ಇನ್ನು ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ರಾತ್ರಿ ಪಾಳಿ ಮಾಡಿದ್ದಕ್ಕೋ, ಮೂರನೇ ದಿನ ಜಗಳವಾಡಿದ್ದಕ್ಕೋ, ಇಂಜೆಕ್ಷನ್ ಒಂದು ದಿನ ಹತ್ತು ನಿಮಿಷ ತಡವಾಗಿದ್ದಕ್ಕೋ ಅಂತ ಕೇಳಿದೆಯಲ್ಲ. ಪುಟ್ಟೀ, ಭ್ರೂಣದ ಬೆಳವಣಿಗೆ ನಿಲ್ಲಲು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಜೀನುಗಳನ್ನು ಹೊತ್ತ ಕ್ರೋಮೋಸೋಮುಗಳ ಏರುಪೇರು. ಅದರ ಬೇರು ತುಂಬಾ ಹಿಂದಕ್ಕೆ ಹೋಗುತ್ತದೆ. ಹೆಣ್ಣುಕೂಸು ಗರ್ಭದಲ್ಲಿ ಐದು ತಿಂಗಳು ತುಂಬುವ ಹೊತ್ತಿಗೆ ಅದರ ಅಂಡಾಶಯದಲ್ಲಿ 60-70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10-20 ಲಕ್ಷಕ್ಕೆ ಇಳಿದಿರುತ್ತವೆ, ಮೈನೆರೆಯುವಷ್ಟರಲ್ಲಿ ಮೂರು ನಾಲ್ಕು ಲಕ್ಷ. ಅಂದರೆ ನಿನ್ನ ಅಂಡಾಣುಗಳೆಲ್ಲ ರೂಪುಗೊಂಡದ್ದು ನೀನು ನನ್ನ ಹೊಟ್ಟೆಯಲ್ಲಿದ್ದಾಗ. ಅವು ಆಗಲೇ ತಮ್ಮ ಕ್ರೋಮೋಸೋಮುಗಳನ್ನು ಹಂಚುವ ಕೆಲಸ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿಬಿಡುತ್ತವೆ. ಆ ಕೆಲಸ ಮತ್ತೆ ಮುಂದುವರಿಯುವುದು ಅಂಡಾಣು ಹೊರಬರುವ ಮುಂಚಿನ ಕೆಲವು ಗಂಟೆಗಳಲ್ಲಿ. ಪಿಕಪ್‌ಗೆ ಸುಮಾರು 36 ಗಂಟೆ ಮೊದಲು ನಿನಗೆ ಟ್ರಿಗರ್ ಇಂಜೆಕ್ಷನ್ ಕೊಟ್ಟರಲ್ಲ, ಅದು ಈ ಕೆಲಸಕ್ಕೇ. ನಡುವೆ ಮೂವತ್ತು, ಮೂವತ್ತೈದು, ನಲವತ್ತು ವರ್ಷ ಕಳೆದಿರುತ್ತವೆ. ಕ್ರೋಮೋಸೋಮುಗಳನ್ನು ಜೊತೆಯಾಗಿ ಹಿಡಿದಿಟ್ಟ ಬಂಧ ಅಷ್ಟರಲ್ಲಿ ಸಡಿಲವಾಗಿರುತ್ತದೆ, ಹಂಚುವಾಗ ಒಂದು ಹೆಚ್ಚೋ ಒಂದು ಕಡಿಮೆಯೋ ಆಗಿಬಿಡುತ್ತದೆ. ಆ ಹತ್ತು ನಿಮಿಷಕ್ಕೂ ಜಗಳಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಇದನ್ನು ತಿಳಿದ ದಿನ, ಹಾಗಾದರೆ ನಾನು ಬಸುರಿಯಾಗಿದ್ದಾಗ ಏನು ಕಮ್ಮಿಯಾಯಿತು ಅಂತ ನನ್ನ ತಲೆಯೂ ಓಡಿತು. ಆಮೇಲೆ ಅನಿಸಿತು, ತಾಯಂದಿರು ಒಬ್ಬರ ನಂತರ ಒಬ್ಬರು ಹೀಗೆ ತಪ್ಪನ್ನು ಹೊತ್ತುಕೊಳ್ಳುತ್ತಾ ಹೋದರೆ ಅದಕ್ಕೆ ಕೊನೆ ಎಲ್ಲಿ? ನಾನು ಹೊರುವುದಿಲ್ಲ. ನೀನೂ ಹೊರಬೇಡ.

ಇನ್ನೊಂದು ವಿಷಯವನ್ನು ನಿಮ್ಮಿಬ್ಬರಿಗೂ ಹೇಳಬೇಕು. ಮೊದಲ ಎರಡು ಮೂರು ದಿನ ಭ್ರೂಣ ಬೆಳೆಯುವುದು ಹೆಚ್ಚಾಗಿ ಅಂಡಾಣು ಕೂಡಿಟ್ಟುಕೊಂಡಿದ್ದ ಸಾಮಗ್ರಿಯಿಂದ. ನಾಲ್ಕರಿಂದ ಎಂಟು ಜೀವಕೋಶಗಳಾಗುವ ಹೊತ್ತಿಗೆ ಭ್ರೂಣದ ಸ್ವಂತ ಜೀನುಗಳು ಕೆಲಸ ಶುರುಮಾಡುತ್ತವೆ. ಅದರಲ್ಲಿ ತಂದೆಯ ಪಾಲೂ ಇರುತ್ತದೆ. ನಿನ್ನ ನಾಲ್ಕರಲ್ಲಿ ಮೂರು ನಿಂತದ್ದು ಮೂರನೇ ದಿನದ ನಂತರ. ಆದ್ದರಿಂದ "ಎಗ್ ಕ್ವಾಲಿಟಿ ಸರಿಯಿಲ್ಲ" ಅಂತ ಯಾರಾದರೂ ಒಂದೇ ಮಾತಿನಲ್ಲಿ ಮುಗಿಸಿದರೆ ಒಪ್ಪಿಕೊಳ್ಳಬೇಡ, ವೀರ್ಯದ ಕಡೆಯಿಂದ ಇನ್ನೇನಾದರೂ ನೋಡಬೇಕೇ ಅಂತ ಕೇಳು. ಅಳಿಯಂದಿರ ಮೇಲೆ ಹಾಕಲು ಇದನ್ನು ಹೇಳುತ್ತಿಲ್ಲ. ಅವರೂ ಸೊರಗಿದ್ದಾರೆ. ಆರನೇ ದಿನದ ಫೋನ್ ಬಂದಾಗ ಅವರು ಎದ್ದು ಬಾಲ್ಕನಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನೆಲ್ಲ ತೆಗೆದು, ಒಂದೊಂದನ್ನೇ ಮಡಿಸಿ, ಮತ್ತೆ ಬಿಡಿಸಿ ಮಡಿಸುತ್ತಿದ್ದರು. ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಆ ಒಂದು ಭ್ರೂಣದ ಬಗ್ಗೆ "ಸಿ ಗ್ರೇಡಂತೆ, ಇಟ್ಟುಕೊಂಡು ಏನು ಮಾಡೋದು" ಅಂದೆ. ನಾಲ್ಕು ಅಂದರೆ ಅದು ಎಷ್ಟು ಹಿಗ್ಗಿದೆ ಅನ್ನುವುದು. ಮೊದಲಿನ ಅಕ್ಷರ ಮುಂದೆ ಮಗುವಾಗುವ ಒಳಗಿನ ಜೀವಕೋಶಗಳದ್ದು, ಎರಡನೆಯದು ಮಾಸು, ಅಂದರೆ ಪ್ಲಸೆಂಟಾ, ಆಗುವ ಹೊರಪದರದ್ದು. ಎಲ್ಲವೂ ಮೈಕ್ರೋಸ್ಕೋಪಿನಲ್ಲಿ ಕಂಡ ರೂಪಕ್ಕೆ ಕೊಟ್ಟ ಅಕ್ಷರಗಳು. ಒಳ್ಳೆಯ ಗ್ರೇಡಿನದಕ್ಕೆ ಅವಕಾಶ ಹೆಚ್ಚು, ನಿಜ. ಆದರೆ ಚೆಂದ ಕಂಡದ್ದರಲ್ಲೂ ಕ್ರೋಮೋಸೋಮ್ ತಪ್ಪಿರಬಹುದು, ಸಾಧಾರಣವಾಗಿ ಕಂಡದ್ದು ಸರಿಯಾಗಿರಬಹುದು. ಇಂಥ ಗ್ರೇಡಿನ ಭ್ರೂಣಗಳಿಂದ ಆರೋಗ್ಯವಂತ ಮಕ್ಕಳು ಹುಟ್ಟಿದ್ದಾರೆ, ಆರನೇ ದಿನ ತಲುಪಿದವುಗಳಿಂದಲೂ ಹುಟ್ಟಿದ್ದಾರೆ. ಲ್ಯಾಬಿನವರು ಅದನ್ನು ಫ್ರೀಜ್ ಮಾಡಲು ಯೋಗ್ಯ ಅಂದುಕೊಂಡಿದ್ದಾರೆ. ನೀನು ಅದರ ಮೇಲೆ ಭರವಸೆ ಇಡಲೇಬೇಕು ಅಂತ ನಾನು ಹೇಳುವುದಿಲ್ಲ. ಈಗಲೇ ತಳ್ಳಿಹಾಕಬೇಡ, ಅಷ್ಟೇ.

ಐವಿಎಫ್‌ನಿಂದ ಹುಟ್ಟಿದ ಮೊದಲ ಮಗು ಲೂಯಿಸ್ ಬ್ರೌನ್. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅವಳ ತಾಯಿ ಲೆಸ್ಲಿಗೆ ಅಂಡಾಣು ಹೆಚ್ಚಿಸುವ ಇಂಜೆಕ್ಷನ್ ಕೊಟ್ಟಿರಲಿಲ್ಲ. ಆ ತಿಂಗಳು ತಾನಾಗಿ ಬಲಿತ ಒಂದೇ ಅಂಡಾಣು, ಅದರಿಂದ ಆದ ಒಂದೇ ಭ್ರೂಣ. ಒಂದಿದ್ದರೆ ಸಾಕು ಅಂತ ಇದರಿಂದ ಪಾಠ ಕಲಿಸುವವರನ್ನು ಕಂಡರೆ ನನಗೆ ಬೇಸರ. ಯಾಕೆಂದರೆ ಲೆಸ್ಲಿಗಿಂತ ಮೊದಲು ಅವಳ ವೈದ್ಯರ ಹತ್ತಿರವೇ ವರ್ಷಗಟ್ಟಲೆ ಎಷ್ಟೋ ಹೆಂಗಸರು ಬಂದು, ಆಪರೇಷನ್ ಮಾಡಿಸಿಕೊಂಡು, ಬರಿಗೈಯಲ್ಲಿ ಮನೆಗೆ ಹೋದರು. ಅವರ ಹೆಸರು ಯಾರಿಗೂ ನೆನಪಿಲ್ಲ. ಅವರ ಫಲಿಸದ ಪ್ರಯತ್ನಗಳಿಂದ ಕಲಿತದ್ದರ ಮೇಲೇ ಇವತ್ತಿನ ಈ ಚಿಕಿತ್ಸೆ ನಿಂತಿದೆ. ಈ ವಾರ ನಾನು ಲೆಸ್ಲಿಗಿಂತ ಅವರನ್ನೇ ಹೆಚ್ಚು ನೆನೆದೆ.

ನಿಂತುಹೋದ ಆ ಮೂರಕ್ಕಾಗಿ ಅಳಬೇಕೆನಿಸಿದರೆ ಅಳು. "ಅದಿನ್ನೂ ಮಗುವೇ ಆಗಿರಲಿಲ್ಲವಲ್ಲ" ಅನ್ನುವವರಿಗೆ ನೀನು ಏನನ್ನೂ ಸಾಬೀತು ಮಾಡಬೇಕಿಲ್ಲ. ಪಿಕಪ್ ನಂತರ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ, ಮನಸ್ಸು ಇನ್ನಷ್ಟು ಕುಸಿಯಲು ಅದೂ ಒಂದು ಕಾರಣವಿರಬಹುದು. ಈ ಸ್ಥಿತಿಯಲ್ಲಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡ. ನಿದ್ದೆಯೇ ಬಾರದೆ ಹೋದರೆ, ದಿನಗಳು ಕಳೆದರೂ ಏಳಲು ಮನಸ್ಸಾಗದಿದ್ದರೆ, ಆಪ್ತಸಮಾಲೋಚಕರ ಹತ್ತಿರ ಮಾತಾಡು. ಹೊಟ್ಟೆ ಉಬ್ಬರ ಹೆಚ್ಚುತ್ತಾ ಹೋದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಮಾತ್ರ ಕಾಯಬೇಡ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡು.

ಡಾಕ್ಟರ ಹತ್ತಿರ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗು, ಅಲ್ಲಿ ಕೂತಾಗ ಎಲ್ಲ ಮರೆತುಹೋಗುತ್ತದೆ. 9ರಲ್ಲಿ ಮೂರು ಯಾಕೆ ಬಲಿಯಲಿಲ್ಲ, ಟ್ರಿಗರಿನ ಸಮಯವನ್ನೋ ಔಷಧಿಯನ್ನೋ ಬದಲಿಸಬಹುದೇ ಅಂತ ಕೇಳು. ಇರುವ ಒಂದನ್ನು ಈಗ ಗರ್ಭಕೋಶಕ್ಕೆ ಟ್ರಾನ್ಸ್‌ಫರ್ ಮಾಡುವುದೋ, ಅಥವಾ ಇನ್ನೊಂದು ಪಿಕಪ್ ಮಾಡಿ ಆಮೇಲೆ ನೋಡುವುದೋ ಅಂತಲೂ ಕೇಳು. ನನಗೆ ಮುಖ್ಯ ಅನಿಸುವ ಪ್ರಶ್ನೆ ಇದು: ಈ ಸಲದ್ದರಿಂದ ನಿಮಗೆ ಏನು ಗೊತ್ತಾಯಿತು, ಮುಂದಿನ ಸಲ ಏನನ್ನು ಬೇರೆ ಮಾಡುತ್ತೀರಿ? ಉತ್ತರ ಸಮಾಧಾನ ತರದಿದ್ದರೆ ಫೈಲ್ ತೆಗೆದುಕೊಂಡು ಇನ್ನೊಬ್ಬರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚ ಬೇಡ. ಅಂಡಾಣುವಿನ ಕೊನೆಯ ಹಂತದ ಬೆಳವಣಿಗೆಗೆ ಸುಮಾರು ಮೂರು ತಿಂಗಳು ಬೇಕು, ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು. ಏನೇ ಬದಲಾವಣೆ ಮಾಡಿಕೊಂಡರೂ ಅಷ್ಟು ಸಮಯ ಕೊಡಬೇಕಾಗುತ್ತದೆ. ಅಷ್ಟರೊಳಗೆ ಅವರಿವರು ಹೇಳಿದ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ಹೇಳದೆ ನುಂಗಬೇಡ, ಕೆಲವಂತೂ ಹಾರ್ಮೋನುಗಳೇ.

ಸಾಕು ಅನಿಸಿದರೆ ಸಾಕು ಅನ್ನುವ ಹಕ್ಕೂ ನಿನಗಿದೆ. ದಾನಿಯ ಅಂಡಾಣು, ದತ್ತು, ಅಥವಾ ನೀವಿಬ್ಬರೇ ಇರುವ ಬದುಕು, ಯಾವುದನ್ನು ಯೋಚಿಸಿದರೂ ನನ್ನ ಮುಖ ನೋಡಿ ಯೋಚಿಸಬೇಡ. ಮೊಮ್ಮಗು ಬೇಕೆಂಬ ಆಸೆ ನನಗಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಆಸೆ ನನ್ನದು, ಅದನ್ನು ತೀರಿಸುವುದು ನಿನ್ನ ಕೆಲಸವಲ್ಲ. ನನಗೆ ಬೇಕಾಗಿದ್ದ ಮಗು ನೀನು, ನೀನು ಬಂದಾಗಿದೆ.

ನೆಂಟರು ಕೇಳಿದರೆ "ಅವರೇ ಹೇಳುತ್ತಾರೆ" ಅಂತ ನಾನು ಮಾತು ಮುಗಿಸುತ್ತೇನೆ. ನೀನು ಹೇಳುವವರೆಗೆ ನಿನ್ನ ಅಪ್ಪನಿಗೂ ಆ ಲೆಕ್ಕ ತೋರಿಸುವುದಿಲ್ಲ. ಡಾಕ್ಟರ ಹತ್ತಿರ ಹೋಗುವ ದಿನ ನಾನು ಜೊತೆಗೆ ಬರಬೇಕಾ, ಬೇಡವಾ ಅಂತ ಒಂದು ಮೆಸೇಜ್ ಹಾಕು. ಬೇಡ ಅಂದರೂ ಬೇಜಾರಿಲ್ಲ.

ನಿನ್ನ ಅಮ್ಮ